ಚುಕ್ಕಿ ಬಿದ್ದಲ್ಲೇ ಬೆಂಕಿ ಇರುತ್ತದೆಯೇ? ಕಾಡ್ಗಿಚ್ಚು ಮತ್ತು ನಕ್ಷೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬೆಟ್ಟದ ಬೆಂಕಿ ಮತ್ತು ನಕ್ಷೆಯ ಕುರಿತವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ದೇವರಾಯನದುರ್ಗದ ತಪ್ಪಲಿನ ಊರು ನಮ್ಮದು. ಉಪಗ್ರಹ ಕಂಡ ಬೆಂಕಿಯನ್ನು ಚುಕ್ಕಿಯಾಗಿ ತೋರಿಸುವ ನಾಸಾದ ಫರ್ಮ್ಸ್ ಎಂಬ ಅಂತರಜಾಲ ನಕ್ಷೆಯಲ್ಲಿ ಕೆಂಪು ಚುಕ್ಕಿ ನಮ್ಮ ತೆಂಗಿನ ತೋಟದ ಮೇಲೆ ಬಿದ್ದಿತ್ತು. ಓಡಿ ಹೋಗಿ ನೋಡಿದರೆ ತೋಟದಲ್ಲಿ ಏನೂ ಇಲ್ಲ, ಬೆಂಕಿ ಇದ್ದದ್ದು ಮೇಲಿನ ಇಳಿಜಾರಿನಲ್ಲಿ. ಉಪಗ್ರಹ ಹೀಗೆ ತಪ್ಪುತ್ತದೆಯೇ? — ಓದುಗರು, ತುಮಕೂರು ತಾಲ್ಲೂಕು

ಉಪಗ್ರಹ ತಪ್ಪಿಲ್ಲ. ಚುಕ್ಕಿಯನ್ನು ನಾವು ಓದುವ ರೀತಿ ತಪ್ಪಿದೆ. ವಿಯರ್ಸ್ ಎಂಬ ಸಂವೇದಕ ನೆಲವನ್ನು 375 ಮೀಟರ್ ಚೌಕಗಳಾಗಿ ನೋಡುತ್ತದೆ. ಒಂದು ಚೌಕ ಎಂದರೆ ಸುಮಾರು 14 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 35 ಎಕರೆ. ಆ 35 ಎಕರೆಯ ಯಾವ ಮೂಲೆಯಲ್ಲಿ ಬೆಂಕಿ ಇದ್ದರೂ ಚುಕ್ಕಿ ಬೀಳುವುದು ಚೌಕದ ನಡುಮಧ್ಯಕ್ಕೆ. ಹಳೆಯ ಮೋಡಿಸ್ ಸಂವೇದಕದ ಚೌಕ 1 ಕಿಲೋಮೀಟರಿನದು, ಅಂದರೆ ಸುಮಾರು 247 ಎಕರೆ. ಅದೂ ಉಪಗ್ರಹ ನೇರ ತಲೆಯ ಮೇಲೆ ಇದ್ದಾಗಿನ ಅಳತೆ. ಓರೆಯಾಗಿ ನೋಡಿದಾಗ ಚೌಕ ಹಿಗ್ಗುತ್ತದೆ: ವಿಯರ್ಸ್‌ನದು ನೋಟದ ಅಂಚಿನಲ್ಲಿ 800 ಮೀಟರಿನಷ್ಟಾಗುತ್ತದೆ, ಮೋಡಿಸ್‌ನದು ಇನ್ನೂ ಹೆಚ್ಚು. ಫರ್ಮ್ಸ್‌ನಿಂದ ಇಳಿಸಿಕೊಂಡ ಕೋಷ್ಟಕದಲ್ಲಿ ‘ಸ್ಕ್ಯಾನ್’, ‘ಟ್ರ್ಯಾಕ್’ ಎಂಬ ಎರಡು ಅಂಕಣಗಳಿರುತ್ತವೆ. ಆ ಚುಕ್ಕಿಯ ಚೌಕದ ನಿಜವಾದ ಅಗಲ, ಉದ್ದ ಅಲ್ಲಿ ಕಿಲೋಮೀಟರಿನಲ್ಲಿ ಸಿಗುತ್ತದೆ. ಹೆಚ್ಚಿನವರು ಆ ಅಂಕಣಗಳತ್ತ ನೋಡುವುದೇ ಇಲ್ಲ.

ಕೆಲಸಕ್ಕೆ ಬರುವ ರೂಢಿ ಇದು: ವಿಯರ್ಸ್ ಚುಕ್ಕಿಯ ಸುತ್ತ 500 ಮೀಟರ್, ಮೋಡಿಸ್ ಚುಕ್ಕಿಯ ಸುತ್ತ 1 ಕಿಲೋಮೀಟರ್ ವೃತ್ತ ಎಳೆಯಿರಿ. ವೃತ್ತದೊಳಗೆ ಹುಲ್ಲು, ಲಂಟಾನ, ನೀಲಗಿರಿ ತೋಪು ಎಲ್ಲಿವೆ ನೋಡಿ, ಮೊದಲು ಅಲ್ಲಿಗೆ ಹೋಗಿ. ನೀರು ಹಾಯಿಸಿದ ತೋಟದಲ್ಲಿ ಬೆಂಕಿ ಇರುವ ಸಾಧ್ಯತೆ ಕಡಿಮೆ ಎನ್ನುವುದು ಉಪಗ್ರಹಕ್ಕೆ ತಿಳಿಯದು, ನಿಮಗೆ ತಿಳಿದಿದೆ.

ಸಮಯದಲ್ಲೂ ಒಂದು ಗುಂಡಿ ಇದೆ. ಕೋಷ್ಟಕದ ಸಮಯ ವಿಶ್ವಕಾಲಮಾನದ್ದು, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 0812 ಎಂದಿದ್ದರೆ ನಮ್ಮ ಮಧ್ಯಾಹ್ನ 1 ಗಂಟೆ 42 ನಿಮಿಷ. ಎಕ್ಸೆಲ್‌ನಲ್ಲಿ ತೆರೆದರೆ ಮೊದಲ ಸೊನ್ನೆ ಹಾರಿಹೋಗಿ 812 ಎಂದಷ್ಟೇ ಉಳಿಯುತ್ತದೆ. ರಾತ್ರಿಯ ಚುಕ್ಕಿ ಇನ್ನೂ ಮೋಸದ್ದು. ಮಾರ್ಚ್ 12ರ ನಸುಕಿನ 1 ಗಂಟೆ 40 ನಿಮಿಷದ ಬೆಂಕಿ ಕೋಷ್ಟಕದಲ್ಲಿ ಮಾರ್ಚ್ 11, 2010 ಎಂದು ದಾಖಲಾಗುತ್ತದೆ. ಇಲ್ಲಿ 2010 ಅಂದರೆ ಇಸವಿಯಲ್ಲ, ರಾತ್ರಿ 8 ಗಂಟೆ 10 ನಿಮಿಷ. ಕಾವಲುಗಾರರ ಡೈರಿಗೂ ಉಪಗ್ರಹದ ದಾಖಲೆಗೂ ‘ಒಂದು ದಿನ ಹೊಂದುತ್ತಿಲ್ಲ’ ಎಂಬ ಜಗಳ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಸ್ಕಂದಗಿರಿ ಬದಿಯ ಗುಡ್ಡಕ್ಕೆ ಮಧ್ಯಾಹ್ನ ಮೂರರ ಸುಮಾರಿಗೆ ಬೆಂಕಿ ಬಿತ್ತು, ಏಳಕ್ಕೆಲ್ಲ ಆರಿತು. ಯಾವ ನಕ್ಷೆಯಲ್ಲೂ ಚುಕ್ಕಿ ಇಲ್ಲ. — ಓದುಗರು, ಚಿಕ್ಕಬಳ್ಳಾಪುರ

ಇರುವುದಿಲ್ಲ. ವಿಯರ್ಸ್ ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ನಡುವೆ ಹತ್ತಿ ಆರಿದ ಹುಲ್ಲುಬೆಂಕಿಯನ್ನು ಅವು ಕಾಣವು. ನಮ್ಮ ಬಯಲುಸೀಮೆ ಗುಡ್ಡಗಳ ಬೆಂಕಿಯೆಲ್ಲ ಬಹುತೇಕ ಈ ಜಾತಿಯದೇ: ಬಾದೆ ಹುಲ್ಲು ಭರ್ರೆಂದು ಉರಿದು ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಆದ್ದರಿಂದ ‘ಈ ವರ್ಷ ನಮ್ಮ ಬೆಟ್ಟದಲ್ಲಿ ಚುಕ್ಕಿ ಒಂದೂ ಇಲ್ಲ, ಬೆಂಕಿ ಇಲ್ಲ’ ಎಂದು ವರದಿ ಬರೆಯಬೇಡಿ. ಸುಟ್ಟ ಕಲೆಯನ್ನು ಬೇರೆ ಉಪಗ್ರಹದಿಂದ ಆಮೇಲೆ ಹುಡುಕಬಹುದು. ಅದು ಮುಂದಿನ ಒಂದು ಉತ್ತರದಲ್ಲಿದೆ.

ಪಾವಗಡದ ಸೋಲಾರ್ ಪಾರ್ಕ್ ಮೇಲೆ, ಮಾಲೂರಿನ ಇಟ್ಟಿಗೆ ಗೂಡುಗಳ ಮೇಲೆ ಚುಕ್ಕಿ ಕಾಣುತ್ತವೆ. ಇವನ್ನು ತೆಗೆದುಹಾಕುವುದು ಹೇಗೆ? — ಇಬ್ಬರು ಓದುಗರು, ಪಾವಗಡ ಮತ್ತು ಮಾಲೂರು

ಎರಡರ ಕಾರಣ ಬೇರೆ ಬೇರೆ. ಇಟ್ಟಿಗೆ, ಹೆಂಚಿನ ಗೂಡಿನಲ್ಲಿ ನಿಜಕ್ಕೂ ಬೆಂಕಿ ಇದೆ, ಅದು ಕಾಡಿನದಲ್ಲ ಅಷ್ಟೇ. ಸೋಲಾರ್ ಫಲಕಗಳಲ್ಲಿ ಬೆಂಕಿಯೇ ಇಲ್ಲ. ಬಿಸಿಲು ಕನ್ನಡಿಯಂತೆ ಪ್ರತಿಫಲಿಸಿ ಸಂವೇದಕದ ಕಣ್ಣು ಕುಕ್ಕುತ್ತದೆ. 2,050 ಮೆಗಾವಾಟ್‌ನ, ಸುಮಾರು 13,000 ಎಕರೆಯ ಪಾರ್ಕ್ ಅದು, ಕುಕ್ಕುವುದಕ್ಕೆ ಜಾಗ ಸಾಕಷ್ಟಿದೆ. ರಾತ್ರಿಯ ಹಾಯುವಿಕೆಯಲ್ಲಿ ಸೋಲಾರ್ ಚುಕ್ಕಿ ಬರುವುದಿಲ್ಲ, ಗೂಡಿನದು ಬರುತ್ತದೆ. ಎರಡನ್ನೂ ಬೇರ್ಪಡಿಸಲು ಇಷ್ಟು ಸಾಕು.

ಶುದ್ಧೀಕರಿಸಿದ ಹಳೆಯ ದಾಖಲೆಯಲ್ಲಿ ‘ಟೈಪ್’ ಎಂಬ ಅಂಕಣವಿದೆ: 0 ಎಂದರೆ ಸಸ್ಯದ ಬೆಂಕಿ ಎಂದು ಊಹಿಸಿದ್ದು, 2 ಎಂದರೆ ಒಂದೇ ಜಾಗದ ಸ್ಥಿರ ಶಾಖ. ಆದರೆ ಅಂದಂದಿನ ತುರ್ತು ದತ್ತಾಂಶದಲ್ಲಿ ಈ ಅಂಕಣ ಇರುವುದಿಲ್ಲ. ಅದಕ್ಕೆ ನೀವೇ ಒಂದು ‘ಬಿಟ್ಟುಬಿಡುವ ಪದರ’ ಮಾಡಿಕೊಳ್ಳಿ. ಗೂಡು, ಸೋಲಾರ್ ಪಾರ್ಕ್, ದೊಡ್ಡ ತವರ ಶೀಟಿನ ಕಾರ್ಖಾನೆ, ಪುರಸಭೆಯ ಕಸದ ಗುಡ್ಡೆ ಇವುಗಳ ಗಡಿ ಗೆರೆ ಹಾಕಿ, ಒಳಗೆ ಬಿದ್ದ ಚುಕ್ಕಿಗೆ ಬಣ್ಣ ಬದಲಿಸಿ. ಅಳಿಸಬೇಡಿ. ಕಾಡಂಚಿನ ಕಸದ ಗುಡ್ಡೆಯಿಂದ ಹೊರಟ ಬೆಂಕಿ ಗುಡ್ಡ ಏರುವುದು ಅಪರೂಪವೇನಲ್ಲ.

ನಮ್ಮ ಗ್ರಾಮ ಅರಣ್ಯ ಸಮಿತಿಗೆ ಒಂದು ಬೆಂಕಿ ನಕ್ಷೆ ಬೇಕು. ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರಿದ್ದಾರೆ. ಎಲ್ಲಿಂದ ಶುರು ಮಾಡಬೇಕು, ಏನೇನು ಇರಬೇಕು? — ಓದುಗರು, ಶ್ರೀನಿವಾಸಪುರ

ಡಿಸೆಂಬರಿನಲ್ಲಿ ಶುರು ಮಾಡಿ. ಫೆಬ್ರವರಿಯಲ್ಲಿ ಕೂತರೆ ಬೆಂಕಿ ಮುಂದೆ, ನಕ್ಷೆ ಹಿಂದೆ ಎಂದಾಗುತ್ತದೆ.

ನಕ್ಷೆ ಮಾಡುವ ತಂತ್ರಾಂಶಕ್ಕೆ ಕ್ಯುಜಿಐಎಸ್ ಸಾಕು, ದುಡ್ಡು ಕೊಡಬೇಕಿಲ್ಲ. ಮೊದಲ ತೊಡಕು ನಿಮ್ಮ ಜಿಲ್ಲೆಯಲ್ಲೇ ಇದೆ. ಮೀಟರಿನಲ್ಲಿ ಅಳೆಯಲು ಭೂಮಿಯನ್ನು ಉದ್ದುದ್ದ ಸೀಳಿ ನಂಬರು ಕೊಟ್ಟಿದ್ದಾರೆ, ಅವೇ ಯುಟಿಎಂ ಪಟ್ಟಿಗಳು; 43 ಮತ್ತು 44ನೇ ಪಟ್ಟಿಗಳ ನಡುವಿನ ಗಡಿ 78 ಡಿಗ್ರಿ ರೇಖಾಂಶ. ಆ ಗೆರೆ ಕೋಲಾರ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ 43ನೇ ಪಟ್ಟಿಯಲ್ಲಿದೆ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು 44ರಲ್ಲಿ. ಅತ್ತ ಚಿಕ್ಕಬಳ್ಳಾಪುರ 43, ಅದೇ ಜಿಲ್ಲೆಯ ಚಿಂತಾಮಣಿ 44. ತುಮಕೂರಿನವರಿಗೆ ಈ ತಲೆನೋವಿಲ್ಲ, ಪೂರ್ತಿ 43. ನೀವು ತಂತ್ರಾಂಶದಲ್ಲಿ 44ನೇ ಪಟ್ಟಿಯ ಸಂಕೇತವಾದ ಇಪಿಎಸ್‌ಜಿ 32644 ಇಟ್ಟುಕೊಳ್ಳಿ (43ರದು 32643); ಪಕ್ಕದ ತಾಲ್ಲೂಕಿನವರು 32643ರಲ್ಲಿ ಮಾಡಿದ ಪದರ ಕೊಟ್ಟರೆ ಪರಿವರ್ತಿಸಿಯೇ ಸೇರಿಸಿ. ಪರಿವರ್ತಿಸದೆ ‘ಇದು 32644’ ಎಂದು ಹಣೆಪಟ್ಟಿ ಮಾತ್ರ ಬದಲಿಸಿದರೆ ಅವರ ಕೆರೆಗಳೆಲ್ಲ ಬಂಗಾಳ ಕೊಲ್ಲಿಗೆ ಹೋಗಿ ಬೀಳುತ್ತವೆ.

ತಳಹದಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ. ಹಳೆಯ ಕಾಗದದ ಹಾಳೆ ಸ್ಕ್ಯಾನ್ ಮಾಡಿ ಬಳಸುವುದಾದರೆ ಎಚ್ಚರ: ಅದು ಭೂಮಿಯ ಆಕಾರದ ಹಳೆಯ ಲೆಕ್ಕವಾದ ಎವರೆಸ್ಟ್ ದೀರ್ಘಗೋಳದ ಮೇಲೆ ಕಟ್ಟಿದ್ದು, ನಿಮ್ಮ ಮೊಬೈಲ್ ಡಬ್ಲ್ಯೂಜಿಎಸ್ 84 ಎಂಬ ಹೊಸ ಲೆಕ್ಕದ ಮೇಲೆ. ಹಾಗೇ ಕೂರಿಸಿದರೆ ನಮ್ಮ ಭಾಗದಲ್ಲಿ ನೂರು ಇನ್ನೂರು ಮೀಟರ್ ಜರುಗುತ್ತದೆ. ಕಾಲುದಾರಿ ಕಣಿವೆಯ ಆಚೆ ದಡದಲ್ಲಿ ಕಂಡರೆ ಕಾರಣ ಇದೇ. ಸರ್ವೆ ನಂಬರಿನ ಗಡಿಗೆ ದಿಶಾಂಕ್ ಆ್ಯಪ್ ನೋಡಿ, ಇಳಿಜಾರಿಗೆ ಇಸ್ರೊದ ಭುವನ್ ತಾಣದಲ್ಲಿ ಸಿಗುವ ಕಾರ್ಟೊಸ್ಯಾಟ್ ಎತ್ತರದ ಮಾದರಿ ಇಳಿಸಿಕೊಳ್ಳಿ. ಇಲ್ಲಿಯವರೆಗಿನದು ಎರಡು ದಿನದ ಕೆಲಸ.

ನಿಜವಾದ ನಕ್ಷೆ ಕಾಲಿನಲ್ಲಿ ಆಗುತ್ತದೆ. ಕುರಿ ಮೇಯಿಸುವವರು, ಬೆಂಕಿ ಕಾವಲಿಗೆ ಹೋಗಿಬಂದವರು ಜೊತೆಗಿರಲಿ. ಮೊಬೈಲಿನ ಜಿಪಿಎಸ್ ನಿಖರತೆ 10 ಮೀಟರಿಗಿಂತ ಕೆಳಗಿಳಿಯುವ ತನಕ ನಿಂತು ಬಿಂದು ಗುರುತಿಸಿ. ದೊಡ್ಡ ಬಂಡೆಯ ಮಗ್ಗುಲಲ್ಲಿ ಅದು ಇಳಿಯುವುದೇ ಇಲ್ಲ, ನಾಲ್ಕು ಹೆಜ್ಜೆ ಬಯಲಿಗೆ ಬನ್ನಿ.

ದಾರಿಗಳನ್ನು ಮೂರು ಬಗೆ ಮಾಡಿ: ಟ್ಯಾಂಕರ್ ಹೋಗುವುದು, ಟ್ರ್ಯಾಕ್ಟರ್ ಅಥವಾ ಬೈಕ್ ಮಾತ್ರ ಹೋಗುವುದು, ಕಾಲ್ನಡಿಗೆಯದು. ಟ್ಯಾಂಕರ್ ತಿರುಗಿಸಿಕೊಳ್ಳಲು ಜಾಗ ಎಲ್ಲಿದೆ ಎಂಬುದಕ್ಕೆ ಬೇರೆ ಗುರುತು ಬೇಕೇ ಬೇಕು. ಹೊಗೆಯಲ್ಲಿ ಅರ್ಧ ಕಿಲೋಮೀಟರ್ ಹಿಮ್ಮುಖ ಓಡಿಸುವ ಚಾಲಕರು ಎಲ್ಲರೂ ಇರುವುದಿಲ್ಲ. ಕಾಲ್ನಡಿಗೆಗೆ ದೂರ ಬರೆಯುವುದಕ್ಕಿಂತ ನಿಮಿಷ ಬರೆಯಿರಿ. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಕೂಡಿಸುವುದು ಚಾರಣಿಗರ ಹಳೆಯ ಲೆಕ್ಕ. 2 ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದರೆ 24 ಸೇರಿಸು 30, ಒಟ್ಟು 54 ನಿಮಿಷ. ಬೆನ್ನಿಗೆ 16 ಲೀಟರಿನ ಸ್ಪ್ರೇಯರ್ ತುಂಬಿ ಹೊತ್ತರೆ ಇನ್ನೂ ಅರ್ಧದಷ್ಟು ಸೇರಿಸಿಕೊಳ್ಳಿ.

ನೀರಿನ ಪದರದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ನಕ್ಷೆಯಲ್ಲಿ ನೀಲಿ ಇದ್ದುದನ್ನೆಲ್ಲ ನೀರು ಎಂದುಕೊಳ್ಳುತ್ತಾರೆ. ಮಾರ್ಚಿನಲ್ಲಿ ನಮ್ಮ ಅರ್ಧ ಕೆರೆಗಳಲ್ಲಿ ಜಾಲಿ ಇರುತ್ತದೆ, ನೀರಿರುವುದಿಲ್ಲ. ಪ್ರತಿ ಕೆರೆ, ಕಲ್ಯಾಣಿ, ಕೃಷಿ ಹೊಂಡದ ಎದುರು ‘ಯಾವ ತಿಂಗಳವರೆಗೆ’ ಎಂಬ ಅಂಕಣ ಇಡಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಹಿಂದಿನ ಮೂರು ವರ್ಷದ ಮಾರ್ಚ್, ಏಪ್ರಿಲ್ ತೆರೆದರೆ ಇದು ತಾನೇ ತಿಳಿಯುತ್ತದೆ. ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬರುವ ಕೋಲಾರದ ಕೆರೆಗಳು ಬೇಸಿಗೆಯಲ್ಲೂ ನಿಮ್ಮ ಕೈಹಿಡಿಯಬಹುದು, ಅವನ್ನು ಬೇರೆ ಬಣ್ಣದಲ್ಲಿ ತೋರಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಯಾರೂ ಇಳಿಯಬಾರದು, ಜಾರಿ ಬಿದ್ದರೆ ಹತ್ತಲಾಗದು; ಪೈಪ್ ಬಿಡುವ ಕಡೆ ಯಾವುದು ಎಂದೇ ಬರೆದಿಡಿ.

ಹಾಸುಬಂಡೆಗಳನ್ನು ಬಿಡಬೇಡಿ. ನಮ್ಮ ಬೆಟ್ಟಗಳಲ್ಲಿ ಕೂಲಿ ಇಲ್ಲದೆ ಸಿಗುವ, ಬೆಂಕಿ ತಡೆಯುವ ರೇಖೆ ಅದು. ಬಂಡೆಯಿಂದ ಬಂಡೆಗೆ ನಡುವಿನ ಹುಲ್ಲುಪಟ್ಟಿ ಎಷ್ಟು ಮೀಟರ್ ಎಂದು ಅಳೆಯಿರಿ. ಎರಡು ದೊಡ್ಡ ಹಾಸುಬಂಡೆಗಳ ನಡುವೆ 15 ಮೀಟರ್ ಹುಲ್ಲು ಸವರಿದರೆ ಇಡೀ ಮಗ್ಗುಲು ಉಳಿಯುವಂಥ ಜಾಗಗಳು ಪ್ರತಿ ಗುಡ್ಡದಲ್ಲೂ ಒಂದೆರಡು ಇರುತ್ತವೆ, ಆದರೆ ಬಂಡೆಯ ಸೀಳಿನಲ್ಲಿ ಬೆಳೆದ ಹುಲ್ಲನ್ನು ಮರೆತರೆ ಬೆಂಕಿ ಅಲ್ಲೇ ಬತ್ತಿಯಂತೆ ಹರಿದು ಆಚೆ ದಾಟುತ್ತದೆ. ಮೀಸಲು ಅರಣ್ಯದೊಳಗೆ ಸವರುವುದು, ರೇಖೆ ಸುಡುವುದು ಇಲಾಖೆಯ ಕೆಲಸ. ನೀವು ಜಾಗ ತೋರಿಸಿ.

ಕೊನೆಯದು ಹೆಸರು. ‘ಕರಡಿ ಗವಿ’, ‘ಹುಣಸೆಮರದ ದೊಣೆ’ ಎಂದು ಊರವರು ಕರೆಯುವ ಹೆಸರುಗಳನ್ನೇ ಕನ್ನಡದಲ್ಲಿ ಬರೆಯಿರಿ. ನಿಮ್ಮ ಕಡೆ ಒಂದೇ ಬಂಡೆಗೆ ಕನ್ನಡದ್ದೊಂದು, ತೆಲುಗಿನದೊಂದು ಹೆಸರಿದ್ದರೆ ಎರಡೂ ಇರಲಿ. ರಾತ್ರಿ ಫೋನಿನಲ್ಲಿ ಅಕ್ಷಾಂಶ ಹೇಳುವವರು ಕಡಿಮೆ, ಹೆಸರು ಹೇಳುವವರೇ ಎಲ್ಲ.

ಮುದ್ರಣ ಎ3 ಹಾಳೆಯಲ್ಲಿ, 1:10,000 ಅಳತೆಯಲ್ಲಿ: 1 ಸೆಂಟಿಮೀಟರಿಗೆ 100 ಮೀಟರ್, ಹಾಳೆಗೆ ಸುಮಾರು 4 ಕಿಲೋಮೀಟರ್ ಅಗಲ. 500 ಮೀಟರಿನ ಚೌಕಜಾಲ ಎಳೆದು ಅಡ್ಡಕ್ಕೆ ಅ ಆ ಇ, ಉದ್ದಕ್ಕೆ 1 2 3 ಹಾಕಿ. ‘ಇ-4ರಲ್ಲಿ ಹೊಗೆ’ ಎಂದರೆ ಸಾಕು. ಲ್ಯಾಮಿನೇಟ್ ಮಾಡಿಸಿ. ಬೆಟ್ಟದ ಹಿಂಬದಿಯಲ್ಲಿ ಸಿಗ್ನಲ್ ಇರದು, ಮೊಬೈಲ್ ನಕ್ಷೆ ನೆಚ್ಚಿಕೊಂಡವರು ಅಲ್ಲಿ ಕೈಚೆಲ್ಲುತ್ತಾರೆ.

ಹತ್ತು ವರ್ಷದ ಚುಕ್ಕಿಗಳನ್ನು ಎಣಿಸಿದೆ. 2018ರ ನಂತರ ನಮ್ಮ ಕಾಡಿನಲ್ಲಿ ಬೆಂಕಿ ಹೆಚ್ಚಾಗಿದೆ ಎಂದು ಹೇಳಬಹುದೇ? — ವಿದ್ಯಾರ್ಥಿ, ತುಮಕೂರು

ಅವಸರ ಬೇಡ. ವಿಯರ್ಸ್ ದತ್ತಾಂಶ 2012ರ ಜನವರಿಯಿಂದ ಸಿಗುವುದು ಸುವೋಮಿ ಎನ್‌ಪಿಪಿ ಎಂಬ ಒಂದೇ ಉಪಗ್ರಹದ್ದು. ಆಮೇಲೆ ನೋವಾ-20, ಅದರ ನಂತರ ನೋವಾ-21 ಸೇರಿದವು. ಕಣ್ಣು ಹೆಚ್ಚಾದರೆ ಚುಕ್ಕಿಯೂ ಹೆಚ್ಚಾಗುತ್ತದೆ. ಒಂದೇ ಬೆಂಕಿಗೆ ಮೂರು ಉಪಗ್ರಹ ಮೂರು ಚುಕ್ಕಿ ಹಾಕುತ್ತವೆ. ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಸುವೋಮಿಯದನ್ನು ಮಾತ್ರ ಇಟ್ಟುಕೊಳ್ಳಿ. ಚುಕ್ಕಿ ಎಣಿಸುವುದಕ್ಕಿಂತ 1 ಕಿಲೋಮೀಟರ್ ಚೌಕಗಳಲ್ಲಿ ‘ಎಷ್ಟು ವರ್ಷ ಬೆಂಕಿ ಬಿದ್ದಿದೆ’ ಎಂದು ಎಣಿಸಿದರೆ ಇನ್ನೂ ಒಳ್ಳೆಯದು. ಹತ್ತರಲ್ಲಿ ಆರು ವರ್ಷ ಬಿದ್ದ ಚೌಕಕ್ಕೆ ಹೋಗಿ ನೋಡಿದರೆ ಪಕ್ಕದಲ್ಲಿ ಬದು ಸುಡುವ ಹೊಲವೋ, ದೇವಸ್ಥಾನದ ದಾರಿಯೋ, ಹೆದ್ದಾರಿಯೋ ಸಿಗುವುದು ಹೆಚ್ಚು.

ಇಳಿಜಾರು ನಕ್ಷೆ ಮಾಡಿದೆವು. ಇಡೀ ಮಧುಗಿರಿ ತಾಲ್ಲೂಕು 89 ಡಿಗ್ರಿ ಕಡಿದಾಗಿ ಬಂತು! — ಓದುಗರು, ಮಧುಗಿರಿ

ನಿಮ್ಮ ಏಕಶಿಲಾ ಬೆಟ್ಟಕ್ಕೂ ಅದು ಜಾಸ್ತಿಯಾಯಿತು. ಎತ್ತರ ಮೀಟರಿನಲ್ಲಿದೆ, ಅಡ್ಡದೂರ ಡಿಗ್ರಿಯಲ್ಲಿದೆ. ತಂತ್ರಾಂಶ ಎರಡನ್ನೂ ಒಂದೇ ಮಾನ ಎಂದುಕೊಂಡು ಭಾಗಿಸಿದೆ. ಎತ್ತರದ ಮಾದರಿಯನ್ನು ಮೊದಲು 32643ಕ್ಕೆ ಪರಿವರ್ತಿಸಿ, ಆಮೇಲೆ ಇಳಿಜಾರು ತೆಗೆಯಿರಿ.

ಕಂಪ್ಯೂಟರ್ ಇಲ್ಲದೆಯೂ ಅಂದಾಜು ಮಾಡಬಹುದು. 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಎತ್ತರದ ಅಂತರ 20 ಮೀಟರ್. ಎರಡು ರೇಖೆಗಳ ನಡುವೆ 2 ಮಿಲಿಮೀಟರ್ ಇದ್ದರೆ ಇಳಿಜಾರು ಸುಮಾರು 11 ಡಿಗ್ರಿ, 1 ಮಿಲಿಮೀಟರ್ ಇದ್ದರೆ 22. ಪ್ರತಿ 10 ಡಿಗ್ರಿಗೆ ಮೇಲೇರುವ ಬೆಂಕಿಯ ವೇಗ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ. ಸಮತಟ್ಟಿಗೆ ಹೋಲಿಸಿದರೆ 20 ಡಿಗ್ರಿಯಲ್ಲಿ ನಾಲ್ಕು ಪಟ್ಟು. ಜ್ವಾಲೆ ಮೇಲಿನ ಹುಲ್ಲಿಗೆ ಬಾಗಿ ಅದನ್ನು ಮೊದಲೇ ಒಣಗಿಸಿಬಿಡುವುದು ಕಾರಣ. ಆದ್ದರಿಂದ ಉರಿಯುವ ಹುಲ್ಲಿನ ಮೇಲ್ಭಾಗದಲ್ಲಿ, ಅದೂ ಕೊರಕಲಿನ ತಲೆಯಲ್ಲಿ ಜನ ನಿಲ್ಲಬಾರದು. ಆ ಕೊರಕಲುಗಳನ್ನು ನಕ್ಷೆಯಲ್ಲಿ ಕೆಂಪು ಗೆರೆ ಹಾಕಿಯೇ ತೋರಿಸಿ.

ಇನ್ನೊಂದು ಮಾತು. ದಕ್ಷಿಣ ಮುಖದ ಇಳಿಜಾರು ಹೆಚ್ಚು ಒಣಗುತ್ತದೆ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ಅದು ಉತ್ತರದ ದೇಶಗಳ ಲೆಕ್ಕ. 13 ಡಿಗ್ರಿ ಅಕ್ಷಾಂಶದ ನಮಗೆ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ, ದಕ್ಷಿಣ ಉತ್ತರದ ವ್ಯತ್ಯಾಸ ಅಳಿಸಿಹೋಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಧ್ಯಾಹ್ನದ ಬಿಸಿಲು ತಿನ್ನುವ ಪಡುವಣ ಮಗ್ಗುಲು.

1926ಕ್ಕೆ ಫೋನ್ ಮಾಡಿ ಜಿಪಿಎಸ್ ಅಂಕಿ ಕೊಟ್ಟೆವು. ಸಿಬ್ಬಂದಿ ಬೇರೆಲ್ಲಿಗೋ ಹೋದರು. — ಓದುಗರು, ಕೊರಟಗೆರೆ

ಅರಣ್ಯ ಸಹಾಯವಾಣಿಗೆ ಕರೆ ಮಾಡಿದ್ದು ಸರಿ. ಅಂಕಿ ಹೇಳಿದ ರೀತಿ ಬಹುಶಃ ಕೈಕೊಟ್ಟಿದೆ. 13 ಡಿಗ್ರಿ 22 ನಿಮಿಷ 30 ಸೆಕೆಂಡ್ ಎಂಬುದನ್ನು ದಶಮಾಂಶಕ್ಕೆ ತಂದರೆ 13.375. ಅದನ್ನೇ ಕೇಳಿದವರು 13.2230 ಎಂದು ಬರೆದುಕೊಂಡರೆ ಸುಮಾರು 17 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತಾರೆ. ಎಲ್ಲರೂ ದಶಮಾಂಶ ಡಿಗ್ರಿಯಲ್ಲೇ, ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿ ಹೇಳುವ ರೂಢಿ ಮಾಡಿ. ನಾಲ್ಕನೇ ಅಂಕಿಯ ಬೆಲೆ 11 ಮೀಟರ್, ಬೆಂಕಿಗೆ ಅಷ್ಟು ಸಾಕು. ಜೊತೆಗೆ ಹತ್ತಿರದ ಊರು, ಬೆಂಕಿ ಗುಡ್ಡದ ಬುಡದಲ್ಲಿದೆಯೋ ನಡುವಿನಲ್ಲಿದೆಯೋ, ಹೊಗೆ ಯಾವ ಕಡೆಗೆ ವಾಲಿದೆ ಎಂಬುದನ್ನೂ ಹೇಳಿ. ನೀವು ನಿಂತ ಜಾಗದ ಅಂಕಿಯೋ, ಬೆಂಕಿಯ ಜಾಗದ್ದೋ ಎಂಬುದನ್ನು ಬಿಡಿಸಿ ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ.

ಸುಟ್ಟ ಪ್ರದೇಶ ಎಷ್ಟು ಎಕರೆ ಎಂದು ಮನೆಯಲ್ಲೇ ಕುಳಿತು ಅಳೆಯಬಹುದೇ? — ಓದುಗರು, ಗುಡಿಬಂಡೆ

ದೊಡ್ಡದಾದರೆ ಅಳೆಯಬಹುದು. ಯುರೋಪಿನ ಕೊಪರ್ನಿಕಸ್ ಜಾಲತಾಣದಲ್ಲಿ ಸೆಂಟಿನೆಲ್-2ರ ಎರಡು ಚಿತ್ರ ತೆಗೆದುಕೊಳ್ಳಿ, ಒಂದು ಬೆಂಕಿಗೆ ಮುಂಚಿನದು, ಒಂದು ನಂತರದ್ದು. ಚಿತ್ರದ ಬೆಳಕಿನ ಪಟ್ಟಿ (ಬ್ಯಾಂಡ್) 8 ಮತ್ತು 12 ಬಳಸಿ, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸುಟ್ಟ ಸೂಚ್ಯಂಕ ಬರುತ್ತದೆ. ಮೊದಲಿನದರಿಂದ ನಂತರದ್ದನ್ನು ಕಳೆಯಿರಿ. 0.1ಕ್ಕಿಂತ ಮೇಲಿದ್ದರೆ ಸುಟ್ಟಿದೆ, 0.27 ದಾಟಿದರೆ ಮಧ್ಯಮ ತೀವ್ರತೆ ಎನ್ನುತ್ತದೆ ಪ್ರಚಲಿತ ಕೋಷ್ಟಕ.

ಆ ಕೋಷ್ಟಕವನ್ನು ಇಲ್ಲಿ ಕಣ್ಣುಮುಚ್ಚಿ ಬಳಸುವಂತಿಲ್ಲ. ನಮ್ಮದು ಎಲೆ ಉದುರುವ ಕಾಡು. ಫೆಬ್ರವರಿ, ಮಾರ್ಚಿನಲ್ಲಿ ಬೆಂಕಿ ಇಲ್ಲದೆಯೂ ಸೂಚ್ಯಂಕ ಇಳಿಯುತ್ತದೆ, ಇಡೀ ಬೆಟ್ಟ ಸುಟ್ಟಂತೆ ತೋರುತ್ತದೆ. ಮದ್ದು ಇಷ್ಟೇ: ಸುಡದೇ ಉಳಿದ ಅದೇ ಬಗೆಯ ಕಾಡಿನ ತುಣುಕನ್ನು ಪಕ್ಕದಲ್ಲಿ ಆರಿಸಿ, ಅಲ್ಲಿಯ ಸರಾಸರಿ ಬದಲಾವಣೆಯನ್ನು ಎಲ್ಲ ಕಡೆಯಿಂದ ಕಳೆಯಿರಿ. ಎರಡು ಚಿತ್ರಗಳ ನಡುವೆ ಅಂತರ ಎರಡು ವಾರ ಮೀರದಿರಲಿ. ಗಾಳಿಗೆ ಬೂದಿ ಹಾರಿ, ಒಂದು ಮಳೆ ಬಿದ್ದು ಹುಲ್ಲು ಚಿಗುರಿದರೆ ಕಲೆಯೇ ಮಾಯ.

ಈ ಚಿತ್ರದ 20 ಮೀಟರಿನ ಚೌಕ 25 ಸೇರಿದರೆ 1 ಹೆಕ್ಟೇರ್. 340 ಚೌಕ ಬಂದರೆ 13.6 ಹೆಕ್ಟೇರ್, ಸುಮಾರು 33 ಎಕರೆ 24 ಗುಂಟೆ. ಗುಂಟೆಯವರೆಗೆ ಬರೆದು ಕೊಟ್ಟೆವೆಂದು ಅದನ್ನು ಮಹಜರಿಗೆ ಹಾಕಬೇಡಿ, ಅಂಚಿನ ಚೌಕಗಳೇ ಎರಡು ಮೂರು ಎಕರೆ ಆಚೀಚೆ ಮಾಡುತ್ತವೆ. ಒಂದೆರಡು ಎಕರೆಯ ಬೆಂಕಿಗೆ ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಸುತ್ತ ನಡೆದು ಬರುವುದೇ ಸರಿ. ಒಳಗೆ ಸುಡದೆ ಉಳಿದ ಬಂಡೆಗಳನ್ನು ಕಳೆಯಲು ಮರೆಯಬೇಡಿ, ನಿಮ್ಮ ಗುಡಿಬಂಡೆ ಕಡೆ ಅದೇ ಅರ್ಧ ಇರುತ್ತದೆ.

ಡ್ರೋನ್ ಹಾರಿಸಿ ಬೆಂಕಿ ಹುಡುಕಬಹುದೇ? — ಓದುಗರು, ಚಿಕ್ಕಬಳ್ಳಾಪುರ

2021ರ ಡ್ರೋನ್ ನಿಯಮಗಳ ಪ್ರಕಾರ ಮೊದಲು, ಎಲ್ಲಿ ಹಾರಿಸಬಹುದೆಂದು ಬಣ್ಣದಲ್ಲಿ ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿ. ದೇವನಹಳ್ಳಿಯ ವಿಮಾನ ನಿಲ್ದಾಣ ದೂರವಿಲ್ಲ. ಮೀಸಲು ಅರಣ್ಯದ ಮೇಲೆ ಹಾರಿಸಲು ಇಲಾಖೆಯ ಒಪ್ಪಿಗೆಯೂ ಬೇಕು. ಒಪ್ಪಿಗೆ ಸಿಕ್ಕವರಿಗೆ ಒಂದು ಸೂಚನೆ: ಶಾಖ ಕ್ಯಾಮೆರಾವನ್ನು ಸಂಜೆ ಹಾರಿಸಬೇಡಿ. ಹಗಲಿಡೀ ಕಾದ ಬಂಡೆಗಳು ಕತ್ತಲಾದ ಮೇಲೂ ಕೆಂಡದಂತೆ ಹೊಳೆಯುತ್ತವೆ, ಯಾವುದು ಬಂಡೆ, ಯಾವುದು ಒಳಗೊಳಗೆ ಉರಿಯುವ ಬೊಡ್ಡೆ ಎಂದು ತಿಳಿಯದು. ನಸುಕಿನ ಐದು ಗಂಟೆಗೆ ಬಂಡೆ ತಣ್ಣಗಾಗಿರುತ್ತದೆ, ಬೊಡ್ಡೆ ಮಾತ್ರ ಕಾಣುತ್ತದೆ. ಆ ಬೊಡ್ಡೆಯ ಅಂಕಿ ಬರೆದುಕೊಂಡು ಬಿಸಿಲೇರುವ ಮುನ್ನ ಆರಿಸಲು ಜನ ಹೊರಡಲಿ.